ಯಾರೂ ನೋಡದ ತಾರಸಿ

ನಗರದಲ್ಲೊಂದು ಮುಗಿಲೆತ್ತರದ ಕಟ್ಟಡ. ಅದರ ತುದಿಯಲ್ಲಿ ಗಾಜಿನ ಅಂಗಳ. ಊರು ನೋಡೋಕೆ ಯಾರು ಬೇಕಾದರೂ ಪುಕ್ಕಟೆ ಹತ್ತಬಹುದಿತ್ತು.

ಪುಕ್ಕಟೆ ಅಂದರೆ ಕಲ್ಲೇಶಿಯ ಕಿವಿ ನೆಟ್ಟಗಾಗುತ್ತಿತ್ತು. ಮಠದಿಂದ ಗುರುಗಳ ಜೊತೆ ಭಿಕ್ಷೆಗೆ ಹೊರಟವನು, ಅವರ ಪ್ರಾಣ ತಿಂದು ಅಲ್ಲಿಗೆ ಕರೆತಂದ.

ಲಿಫ್ಟು ಏರುವಾಗ ಗುರುಗಳು ಕಣ್ಣು ಮುಚ್ಚಿಕೊಂಡರು.

"ಧ್ಯಾನವೇ ಬುದ್ಧಿ?"

"ಭಯ ಕಣೋ."

ಮೇಲೊಂದು ದುರ್ಬೀನು ಇತ್ತು. ಕಣ್ಣಿಟ್ಟವನೇ ಕಲ್ಲೇಶಿ ಕಿಸಕ್ಕನೆ ನಕ್ಕ. ಕೆಳಗಿನ ಬೀದಿಯ ಒಂದು ತಾರಸಿ. ಅಲ್ಲಿ ಕುಂಬಳಬಳ್ಳಿಯ ಪಕ್ಕ ಮುದುಕನೊಬ್ಬ ಒಂದು ಕಾಲು ಎಳೆಯುತ್ತ, ಕೈ ಗಾಳಿಯಲ್ಲಿ ಆಡಿಸುತ್ತ, ಹಿಂದೆ ಮುಂದೆ ತೂರಾಡುತ್ತಿದ್ದ.

"ಬನ್ರಪ್ಪೋ ಬನ್ನಿ, ಪುಕ್ಕಟೆ ಡ್ಯಾನ್ಸು! ತಾತ ಬೆಳಬೆಳಗ್ಗೇನೇ ಏರಿಸಿಬಿಟ್ಟವ್ನೆ!"

ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಕಲ್ಲೇಶಿ ಪಂಚೆ ಎತ್ತಿ ಕಟ್ಟಿ, ಥೇಟ್ ಹಾಗೇ ಕಾಲೆಳೆದು ನಡೆದು ತೋರಿಸಿದ. ಜನ ಹೊಟ್ಟೆ ಹಿಡಿದು ನಕ್ಕರು.

ಗುರುಗಳೂ ದುರ್ಬೀನಿಗೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಇವತ್ತಿನ ಭಿಕ್ಷೆ ಆ ಮನೇಲಿ."

"ಅಯ್ಯೋ ಬುದ್ಧಿ, ಕುಡುಕನ ಮನೇಲಾ?"

ಗುರುಗಳು ಆಗಲೇ ಲಿಫ್ಟಿನೊಳಗಿದ್ದರು.

ಕುಂಬಳಬಳ್ಳಿಯ ಗುರುತು ಹಿಡಿದು ಮನೆ ಹುಡುಕಿದರು. ಬಾಗಿಲು ತೆಗೆದ ಸೊಸೆ ಕೈ ಮುಗಿದಳು. "ಮಠದವರು ಬಂದ್ರೆ ಮಾವನೇ ನೀಡಬೇಕು. ಮೇಲಿದ್ದಾರೆ, ಬನ್ನಿ." ಮೊರದಲ್ಲಿ ಅಕ್ಕಿ ಹಿಡಿದು ಮುಂದೆ ನಡೆದಳು.

ಮುದುಕರ ಹೆಸರು ರಾಚಪ್ಪ. ಅವರ ಬಲಗೈ ನಡುಗುತ್ತಿತ್ತು. ಎಡಗೈಯಲ್ಲಿ ಭಿಕ್ಷೆ ನೀಡುವ ಹಾಗಿಲ್ಲ. ಆ ಬಲಗೈಯಲ್ಲೇ ಮೊಗೆದು ನೀಡಿದರು. ಜೋಳಿಗೆಗೆ ಬಿದ್ದದ್ದಕ್ಕಿಂತ ಕಲ್ಲೇಶಿಯ ಪಾದದ ಮೇಲೆ ಬಿದ್ದ ಅಕ್ಕಿಯೇ ಹೆಚ್ಚು.

"ಬೇಜಾರು ಮಾಡ್ಕೋಬೇಡಿ ಬುದ್ಧಿ. ಲಕ್ವ ಹೊಡೀತು. ಈ ಕಡೆ ಮೈ ನನ್ನ ಮಾತೇ ಕೇಳಲ್ಲ. ಡಾಕ್ಟ್ರು ದಿನಾ ನಡೀರಿ ಅಂತಾರೆ. ಬೀದೀಲಿ ನಡೆದ್ರೆ ಹುಡುಗ್ರು ನಗ್ತವೆ. ಅದಕ್ಕೇ ಇಲ್ಲಿ. ಇಲ್ಲಾದ್ರೆ ಯಾರೂ ನೋಡಲ್ಲ."

ಅವರ ಬೆನ್ನ ಹಿಂದೆಯೇ ಆ ಕಟ್ಟಡ. ತುದಿಯ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು.

ಕಲ್ಲೇಶಿಗೆ ತಲೆ ಎತ್ತಲಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಅಕ್ಕಿ ಆರಿಸತೊಡಗಿದ.

"ಬಿಡು ಮರಿ, ಗುಬ್ಬಿ ತಿಂತಾವೆ. ಇವತ್ತು ಗೋಡೆ ಹಿಡೀದೆ ಬಳ್ಳಿವರೆಗೂ ಹೋಗಿ ಬಂದೆ, ಗೊತ್ತಾ? ನಾಳೆ ಆ ಮೂಲೆ ಮುಟ್ತೀನಿ ನೋಡು!"

ಕಲ್ಲೇಶಿ ಆರಿಸಿದ ಅಕ್ಕಿ ಅಲ್ಲೇ ಬಿಟ್ಟು ಎದ್ದ. "ತಾತಾ, ನಾನು ನಿಮ್ಮನ್ನ..."

ಗುರುಗಳು ಅವನ ಹೆಗಲು ಅದುಮಿದರು. "ಹೋಗಿ ಬರ್ತೀವಿ ರಾಚಪ್ಪನೋರೇ."

ಬೀದಿಗೆ ಇಳಿದದ್ದೇ ಕಲ್ಲೇಶಿ ಅತ್ತುಬಿಟ್ಟ.

"ಯಾಕೆ ತಡೆದ್ರಿ ಬುದ್ಧಿ? ತಪ್ಪಾಯ್ತು ಅಂತ ಕಾಲಿಗೆ ಬಿದ್ದಿದ್ರೆ ನನ್ನ ಎದೆ ಹಗುರಾಗ್ತಿತ್ತು."

"ಆಗ್ತಿತ್ತು," ಅಂದರು ಗುರುಗಳು. "ನಾಳೆ ಅವರು ಎಲ್ಲಿ ನಡೀಬೇಕಿತ್ತು?"