ಅಣ್ಣನ ಕಾರಿಗೆ ಹೊಸ ಚಕ್ರ

“ಗುರುಗಳೇ, ಹಳೆಯ ತತ್ವಪದಕ್ಕೆ ಹೊಸ ಧಾಟಿ ಕೂರಿಸಿದರೆ ತಪ್ಪೇ?” ಎಂದು ಗಿರಿಮಲ್ಲ ಕೇಳಿದ.

ಕೇಳುವ ಮೊದಲೇ ಅವನ ಧಾಟಿ ಸಿದ್ಧವಾಗಿತ್ತು. ಬರುವ ಸೋಮವಾರದ ಭಜನೆಯಲ್ಲಿ ಅದನ್ನೇ ಹಾಡುವ ಆಸೆ. ಹಳೆಯ ಧಾಟಿ ಎತ್ತಿಕೊಂಡರೆ ಸಾಕು, ಹರೆಯದವರೆಲ್ಲ ಗೋಡೆಗೊರಗಿ ತೂಕಡಿಸುತ್ತಿದ್ದರು. ಅದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಆದರೆ ಗುರುಗಳು ಬೇಡವೆಂದರೆ ಹಾಡುವಂತಿಲ್ಲ. ಏಕತಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದು ಕುಳಿತ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆಗೆ ತೊಡಗಿದರು.

ಒಬ್ಬ ಹತ್ತಿ ವ್ಯಾಪಾರಿ ಇದ್ದ. ಅವನ ಅಣ್ಣ ತೀರಿಹೋದಾಗ ಹಿಂದೆ ಒಂದು ಕಾರು ಉಳಿಯಿತು. ಅಮೆರಿಕದಲ್ಲಿ ಹುಟ್ಟಿದ ಕಾರು. ಗೂಳಿಯಂಥ ಮೈ, ಎಂಟು ಸಿಲಿಂಡರಿನ ಇಂಜಿನ್. ಅದು ಗುಟುರು ಹಾಕಿದರೆ ಓಣಿಯ ಕಿಟಕಿಗಳು ನಡುಗುತ್ತಿದ್ದವು. ಅಣ್ಣ ಹೋದ ಮೇಲೆ ಅದು ಗೋದಾಮು ಸೇರಿತು. ನಿಂತಲ್ಲೇ ಟೈರುಗಳು ಬಿರಿದವು. ಆ ಹಳೆಯ ಚಕ್ರದ ಅಳತೆಗೆ ಟೈರು ಹುಡುಕಿದರೆ ಯಾವ ಪೇಟೆಯಲ್ಲೂ ಇಲ್ಲ.

ಒಂದು ದಿನ ಅತ್ತಿಗೆ ಅಂದಳು, “ತಮ್ಮಾ, ಇನ್ನೊಂದು ಸಲ ಅದರಲ್ಲಿ ಕೂತು ಹೊಳೆಯ ತನಕ ಹೋಗಿಬರಬೇಕು ನೋಡು. ನಿಮ್ಮಣ್ಣ ಕರಕೊಂಡು ಹೋಗ್ತಿದ್ರಲ್ಲ, ಹಾಗೆ.”

ವ್ಯಾಪಾರಿಗೆ ಅಷ್ಟು ಸಾಕಾಯಿತು. ಅವನನ್ನು ಎತ್ತಿ ಆಡಿಸಿದವಳು ಅವಳು. ಪೇಟೆಗೆ ಹೋಗಿ ಹೊಸ ಕಾಲದ ಅಲಾಯ್ ಚಕ್ರಗಳನ್ನು ತಂದ. ಅಗಲವಾದವು, ಥಳಥಳ ಹೊಳೆಯುವಂಥವು. ಫಿಟ್ಟರ್ ಕೂರಿಸಿದ. ಬೋಲ್ಟುಗಳು ಸರಿಯಾಗಿ ಕೂತವು. ಕಾರು ಗೋದಾಮಿನಿಂದ ನೆಟ್ಟಗೆ ಹೊರಗೆ ಬಂತು. ಓಣಿಯ ಜನ ಸೇರಿದರು.

“ಏನ್ ಸಾವ್ಕಾರ್ರೇ, ಮುದಿ ಗೂಳಿಗೆ ಬೆಳ್ಳಿ ಗೊರಸು ಕಟ್ಟಿಸೀರಿ!” ಎಂದು ಒಬ್ಬ ಕಿಚಾಯಿಸಿದ. ವ್ಯಾಪಾರಿಯೂ ನಕ್ಕ. ಆ ಹೊಳಪಿನಿಂದ ಅವನಿಗೆ ಕಣ್ಣು ಕೀಳಲಾಗಲಿಲ್ಲ.

ಆದರೆ ಖಾಲಿ ಗಾಡಿಯನ್ನು ನೆಟ್ಟಗೆ ಓಡಿಸಿ ನೋಡಿದ್ದರು, ಅಷ್ಟೆ. ಅತ್ತಿಗೆ ಮುಂದೆ ಕೂತಳು, ನೆರೆಯ ಹೆಂಗಸರು ಹಿಂದೆ ತುಂಬಿಕೊಂಡರು. ಓಣಿಯ ತಿರುವಿನಲ್ಲಿ ವ್ಯಾಪಾರಿ ಸ್ಟೀರಿಂಗ್ ಹೊರಳಿಸಿದ. ಕರ್ರ್ ಎಂದಿತು. ಹೊಸ ಟೈರು ಮಡ್ಗಾರ್ಡಿನ ಅಂಚನ್ನು ಉಜ್ಜುತ್ತಿತ್ತು.

ಫಿಟ್ಟರ್ ಮಡ್ಗಾರ್ಡಿನ ಒಳಗೆ ಒದ್ದೆ ಸುಣ್ಣ ಬಳಿದು, ಇನ್ನೊಮ್ಮೆ ಹೊರಳಿಸಿ ಅಂದ. ಟೈರು ಉಜ್ಜಿ ಸುಣ್ಣ ಅಳಿಸಿಹೋದ ಜಾಗ ತೋರಿಸಿದ. “ಇಷ್ಟೇ ನೋಡಿ. ಒಂದು ಬೆರಳು ಅಂಚು ಕೊಯ್ದುಬಿಟ್ರೆ ಆಯ್ತು. ಮೇಲೆ ಬಣ್ಣ ಹೊಡೆದ್ರೆ ದೇವರಿಗೂ ಗೊತ್ತಾಗಲ್ಲ.”

ವ್ಯಾಪಾರಿ ಕೊಯ್ಯಿ ಅನ್ನುವುದರಲ್ಲಿದ್ದ. ಅಷ್ಟರಲ್ಲಿ ಅತ್ತಿಗೆ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರದ ಪಕ್ಕ ಕುಕ್ಕರಿಸಿದಳು. ಸುಣ್ಣ ಅಳಿಸಿದ ಜಾಗದಲ್ಲಿ ಬೆರಳಾಡಿಸಿ, “ಇಲ್ಲಿ ಕೈ ಹಾಕು” ಎಂದಳು.

ಅವನು ಕೈ ಹಾಕಿದ. ಹೊರಗೆ ನುಣುಪು. ಒಳಗೆ ಸಣ್ಣ ಸಣ್ಣ ಗುಳಿಗಳು.

“ಎತ್ತಿನ ಗಾಡಿ ಗುದ್ದಿ ಇದು ನೆಗ್ಗಿತ್ತು. ಬೇರೆಯವರ ಕೈಗೆ ಕೊಡಲಿಲ್ಲ ನಿಮ್ಮಣ್ಣ, ಪುಣ್ಯಾತ್ಮ. ಅಂಗಾತ ಮಲಗಿ ತಾವೇ ಸುತ್ತಿಗೆಯಿಂದ ಬಡಿದು ಎತ್ತಿದ್ರು. ಊಟಕ್ಕೆ ಕರೆದ್ರೆ ನನ್ನ ಮೇಲೇ ರೇಗಿದ್ರು. ಚಕ್ರ ನಿಂದು ತಮ್ಮಾ, ಯಾವುದು ಬೇಕೋ ಹಾಕಿಸು. ಇದು ನಿಂದಲ್ಲ.”

ವ್ಯಾಪಾರಿ ಕೈಯನ್ನು ಬೇಗ ಹೊರಗೆ ತೆಗೆಯಲಿಲ್ಲ. ಆಮೇಲೆ ಎದ್ದು, ಥಳಥಳ ಚಕ್ರಗಳನ್ನು ಕಳಚಿಸಿದ. ಫಿಟ್ಟರ್ ಗೊಣಗಿದ. ಗೊಣಗಲಿ. ಊರೂರು ಅಲೆದು ಬೇರೆ ಚಕ್ರ ತಂದ. ಅವೂ ಹೊಸವೇ, ಆದರೆ ಅಗಲ ಕಡಿಮೆ, ಹೊಳಪು ಅಷ್ಟಕ್ಕಷ್ಟೆ. ಈ ಸಲ ಜನ ತುಂಬಿಸಿ, ಸುಣ್ಣ ಬಳಿದು, ಎರಡೂ ಕಡೆಗೆ ಪೂರ್ತಿ ಹೊರಳಿಸಿ ನೋಡಿದರು. ಬಳಿದ ಸುಣ್ಣ ಬಳಿದಂತೆಯೇ ಇತ್ತು.

ಅತ್ತಿಗೆ ಹೊಳೆಗೆ ಹೋಗಿಬಂದಳು. ನಿನಗೆ ಗೇರು ಹಾಕಲು ಬರುವುದಿಲ್ಲವೆಂದು ದಾರಿಯುದ್ದಕ್ಕೂ ಮೈದುನನನ್ನು ಬೈದಳಂತೆ. ಇಳಿಯುವಾಗ ಮಾತ್ರ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿದಳು.

ಗಿರಿಮಲ್ಲನ ಮುಖ ಅರಳಿತು. “ಹಾಗಾದರೆ ಹೊಸ ಚಕ್ರ ಹಾಕಬಹುದು ಅಂತಾಯಿತಲ್ಲ ಗುರುಗಳೇ!” ಎಂದು ಏಕತಾರಿಯನ್ನು ಎತ್ತಿಕೊಂಡ.

“ಹಾಕಬಹುದು ಮಗಾ” ಎಂದರು ಗುರುಗಳು. “ಈಗ ಹೇಳು, ನಿನ್ನ ಧಾಟಿಗೆ ಕೂರಲಿಲ್ಲವೆಂದು ಪದದ ಯಾವ ಸಾಲು ಕೊಯ್ದೆ?”

ಗಿರಿಮಲ್ಲನ ಬೆರಳು ತಂತಿಯ ಮೇಲೆಯೇ ನಿಂತಿತು.