ಕೊನೆಯ ಪಂಕ್ತಿಯ ಗಂಜಿ

"ಗುರುಗಳೇ, ಒಳ್ಳೆಯವನೆಂದು ನಂಬಿ ಕೂರಿಸಿದ ಯಜಮಾನನೂ ವರ್ಷ ಕಳೆಯುವುದರೊಳಗೆ ಹಳಬನ ಹಾಗೆಯೇ ಆಗುತ್ತಾನಲ್ಲ, ಏಕೆ?" ಎಂದು ಕರಿಬಸವ ಕೇಳಿದ.

ಅದರಲ್ಲಿ ಶಿಷ್ಯನ ವಿನಯವಿರಲಿಲ್ಲ. ಸಿಟ್ಟಿನಿಂದ ಕೇಳಿದ್ದ. ಅವನ ಊರಿನವರು ಒಬ್ಬ ಯಜಮಾನನನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿದ್ದರು. ಆ ಇನ್ನೊಬ್ಬನೂ ಬಡವರ ಮಾತಿಗೆ ಕಿವಿಗೊಡುವುದಿಲ್ಲವೆಂದು ಅವನನ್ನೂ ಇಳಿಸಿ, ಮಠದಲ್ಲಿ ಓದುತ್ತಿದ್ದ ಕರಿಬಸವನಿಗೇ ಹೇಳಿ ಕಳಿಸಿದ್ದರು. ನೀನು ಬಾ, ನೀನೇ ಯಜಮಾನನಾಗು, ಯಜಮಾನರಿಗೆಂದೇ ಇರುವ ದೊಡ್ಡ ಮನೆಗೆ ಸುಣ್ಣ ಬಳಿಸಿ ಇಟ್ಟಿದ್ದೇವೆ ಎಂದಿದ್ದರು. ಬಟ್ಟೆಯ ಗಂಟು ಕಟ್ಟಿಯಾಗಿತ್ತು, ಗುರುಗಳ ಅಪ್ಪಣೆಯೊಂದೇ ಬಾಕಿ. ಹಿಂದಿನ ಇಬ್ಬರೂ ನೀಚರು, ತಾನು ಹಾಗಾಗುವವನಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಅರಸನ ಖರ್ಚಿನ ಗಂಜಿಮನೆ ಇತ್ತು. ದಿಕ್ಕಿಲ್ಲದವರು, ಕೂಲಿ ಸಿಗದವರು, ದಾರಿಹೋಕರು ಎಲ್ಲರೂ ಅಲ್ಲಿ ಉಣ್ಣುತ್ತಿದ್ದರು. ಬೆಳಗ್ಗೆ ಮೊದಲ ಪಂಕ್ತಿ ಕೂತರೆ ಕೊನೆಯ ಪಂಕ್ತಿ ಏಳುವಾಗ ಹೊತ್ತು ಇಳಿಯುತ್ತಿತ್ತು. ಗಂಜಿಮನೆಯ ಉಸ್ತುವಾರಿ ಊರ ಯಜಮಾನನದು. ಅದನ್ನು ಕಟ್ಟಿಸಿದ ಹಳೆಯ ರಾಣಿ ಒಂದು ಕಟ್ಟಳೆ ಮಾಡಿದ್ದಳು. ಯಜಮಾನನೂ ಅವನ ಮನೆಯವರೂ ಅಲ್ಲಿಯೇ ಉಣ್ಣಬೇಕು, ಅದೂ ಕೊನೆಯ ಪಂಕ್ತಿಯಲ್ಲಿ.

ಆ ಊರಿಗೆ ಎಂತೆಂಥವರೋ ಯಜಮಾನರಾಗಿ ಬಂದುಹೋದರು. ಒಬ್ಬ ಜಿಪುಣ, ಒಬ್ಬ ಕುಡುಕ, ಒಬ್ಬನಂತೂ ಶುದ್ಧ ಸೋಮಾರಿ. ಆದರೆ ಹಂಡೆಯ ತಳದ ಗಂಜಿ ಒಮ್ಮೆಯೂ ನೀರಾಗಲಿಲ್ಲ. ತನ್ನ ಹೆಂಡತಿ ಮಕ್ಕಳ ಬಟ್ಟಲಿಗೆ ಬೀಳುವುದು ಆ ತಳದ ಗಂಜಿಯೇ ಎಂದು ಗೊತ್ತಿದ್ದವನು ಅಕ್ಕಿಗೆ ಕೈಹಾಕಲು ಯಾರನ್ನು ಬಿಡುತ್ತಾನೆ? ಆ ಸೋಮಾರಿಯೂ ಉಗ್ರಾಣದ ಬಾಗಿಲಲ್ಲಿ ಕಾವಲು ಕೂರುತ್ತಿದ್ದ.

ಮುಂದೆ ಹೊಸ ಅರಸನೊಬ್ಬ ಪಟ್ಟಕ್ಕೆ ಬಂದ. ಅವನು ಆ ದಾರಿಯಲ್ಲಿ ಹೋಗುವಾಗ, ಭಿಕ್ಷುಕರ ಪಕ್ಕದಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದ ಯಜಮಾನನನ್ನು ಕಂಡ. ನನ್ನ ಕಡೆಯ ಮನುಷ್ಯನಿಗೆ ಇಂಥ ಅವಮಾನವೇ ಎಂದು ಅವನಿಗೆ ಸಿಟ್ಟು ಬಂತು. ಇನ್ನು ಮುಂದೆ ಯಜಮಾನನಿಗೆ ಮೊದಲ ಪಂಕ್ತಿಯಲ್ಲಿ ಮಣೆ ಹಾಕಬೇಕೆಂದು ಅಪ್ಪಣೆ ಮಾಡಿ ಹೊರಟುಹೋದ. ಮರ್ಯಾದೆಯ ಹೆಸರಿನಲ್ಲಿ ಅವನು ಒಂದು ಊರಿನ ಅನ್ನಕ್ಕೆ ಕಲ್ಲು ಹಾಕಿದ್ದ. ಊರವರು ಅದನ್ನು ತಿಳಿಯದೆ ಸಂತೋಷಪಟ್ಟರು. ಆಗಿನ ಯಜಮಾನ ಸಜ್ಜನ, ಮರ್ಯಾದೆ ಸಲ್ಲಬೇಕಾದವನಿಗೇ ಸಂದಿತು ಎಂದುಕೊಂಡರು.

ಆ ಸಜ್ಜನ ಒಂದು ಕಾಳನ್ನೂ ಕದಿಯಲಿಲ್ಲ. ಬೆಳಗ್ಗೆ ಮೊದಲ ಪಂಕ್ತಿಯಲ್ಲಿ ಉಂಡು, ಕೈತೊಳೆದು ಹೋಗುತ್ತಿದ್ದ. ಅವನ ಬೆನ್ನ ಹಿಂದೆ ಉಗ್ರಾಣದವನೂ ಅಡುಗೆಯವರೂ ಸೇರಿಕೊಂಡು ಅಕ್ಕಿಯನ್ನು ಹಿತ್ತಲ ಬಾಗಿಲಿನಿಂದ ಸಾಗಿಸುತ್ತಿದ್ದರು, ಹಂಡೆಗೆ ನೀರು ಸುರಿಯುತ್ತಿದ್ದರು. ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಒಬ್ಬ ಕುಂಬಾರ ಆ ನೀರನ್ನು ಬಟ್ಟಲಲ್ಲಿ ಹಿಡಿದು ಯಜಮಾನನ ಮನೆ ಬಾಗಿಲಿಗೆ ಹೋದ. ತನ್ನ ಮಗಳಿಗೆ ಎದ್ದು ಕೂರುವ ಶಕ್ತಿಯೂ ಉಳಿದಿಲ್ಲವೆಂದು ಹೇಳಿಕೊಂಡ.

"ನಾನೂ ಇದೇ ಹಂಡೆಯದ್ದೇ ಉಂಡೆನಲ್ಲಪ್ಪಾ," ಎಂದ ಯಜಮಾನ. "ಗಟ್ಟಿಯಾಗಿಯೇ ಇತ್ತು."

ಅವನು ಹೇಳಿದ್ದು ನಿಜ. ಸುಳ್ಳನಾಗಿದ್ದರೆ ಒಳಗೊಳಗಾದರೂ ಅಳುಕುತ್ತಿದ್ದ. ಇವನಿಗೆ ಆ ಅಳುಕೂ ಇರಲಿಲ್ಲ, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗಿದ. ಕುಂಬಾರನ ಮಗಳು ಉಳಿಯಲಿಲ್ಲ.

ಇದನ್ನು ಹೇಳುವಾಗ ಗುರುಗಳ ದನಿ ಗಡುಸಾಗಿತ್ತು. ಕರಿಬಸವ ಹಲ್ಲು ಕಚ್ಚಿ ಕೂತಿದ್ದ. ಗುರುಗಳು ಮುಂದುವರಿಸಿದರು.

ಊರು ರೊಚ್ಚಿಗೆದ್ದಿತು. ಯಜಮಾನನನ್ನು ಕತ್ತು ಹಿಡಿದು ನೂಕಿತು. ಮಗಳನ್ನು ಮಣ್ಣು ಮಾಡಿ ಬಂದ ಕುಂಬಾರನಿಗಿಂತ ಹಸಿವನ್ನು ಬಲ್ಲವರು ಯಾರಿದ್ದಾರೆ ಎಂದು ಅವನನ್ನೇ ಯಜಮಾನನನ್ನಾಗಿ ಮಾಡಿತು. ಮೆರವಣಿಗೆಯಲ್ಲಿ ಕರೆತಂದು ಅದೇ ಮೊದಲ ಪಂಕ್ತಿಯಲ್ಲಿ, ಅದೇ ಮಣೆಯ ಮೇಲೆ ಕೂರಿಸಿತು. ಕುಂಬಾರ ಉಗ್ರಾಣದವನನ್ನೂ ಅಡುಗೆಯವರನ್ನೂ ಓಡಿಸಿ ಹೊಸಬರನ್ನು ಇಟ್ಟ. ಕೆಲವು ದಿನ ಹಂಡೆ ಬರಿದಾಗುವ ತನಕ ನಿಂತು ನೋಡಿದ. ಆಮೇಲೆ ಊರಿನ ನೂರೆಂಟು ಕೆಲಸಗಳು ಮೈಮೇಲೆ ಬಿದ್ದವು. ಅವನೂ ಉಂಡು, ಕೈತೊಳೆದು ಹೋಗತೊಡಗಿದ. ಹೊಸಬರು ಹಿತ್ತಲ ಬಾಗಿಲನ್ನು ಕಂಡುಕೊಂಡರು.

ಮುಂದಿನ ವರ್ಷ ಒಬ್ಬ ಮುದುಕಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು, ಬಟ್ಟಲು ಹಿಡಿದು ಕುಂಬಾರನ ಬಾಗಿಲಿಗೆ ಬಂದಳು. ಅವನು ಬಟ್ಟಲೊಳಗೆ ನೋಡಿದ.

"ನಾನೂ ಇದೇ ಹಂಡೆಯದ್ದೇ ಉಂಡೆನಲ್ಲಮ್ಮಾ," ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕರಿಬಸವನ ಮೈಯೆಲ್ಲ ಉರಿದುಹೋಯಿತು. ಮಗಳನ್ನು ಕಳೆದುಕೊಂಡವನ ಬಾಯಿಂದ ಅಂಥ ಮಾತು ಬಂತೆಂದರೆ ಅವನು ಮನುಷ್ಯನೇ ಅಲ್ಲ ಎಂದ. ಊರವರು ಆರಿಸುವುದರಲ್ಲಿ ಮತ್ತೆ ಎಡವಿದರು, ಆ ಜಾಗದಲ್ಲಿ ತಾನಿದ್ದಿದ್ದರೆ ಮುದುಕಿಯ ಕಾಲಿಗೆ ಬೀಳುತ್ತಿದ್ದೆ ಎಂದ. ಇನ್ನು ತಡಮಾಡಬಾರದೆನಿಸಿ ಗಂಟನ್ನು ಹೆಗಲಿಗೇರಿಸಿ ಎದ್ದು ನಿಂತ.

"ಅಪ್ಪಣೆ ಕೊಡಿ ಗುರುಗಳೇ. ನನ್ನ ಊರಿನಲ್ಲಿ ಹಾಗಾಗಲು ನಾನು ಬಿಡುವುದಿಲ್ಲ."

"ಹೋಗಿ ಬಾ," ಎಂದರು ಗುರುಗಳು. "ಊರವರು ನಿನಗೆ ಮಣೆ ಹಾಕಿರುವುದು ಯಾವ ಪಂಕ್ತಿಯಲ್ಲಿ?"