ನಾಯಿಮರಿ ದಿನಕ್ಕೊಂದು ಕಾಲು ಕುಂಟುವುದೇಕೆ

ನೆಲದ ಮೈ ಇನ್ನೂ ಆರಿರದ ಕಾಲ ಅದು. ಬೆಟ್ಟಗಳ ಮೇಲೆ ನೆಲದವ್ವನ ಬೆರಳ ಗುರುತು ಹಸಿಹಸಿಯಾಗಿ ಕಾಣುತ್ತಿತ್ತು. ಎತ್ತ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆಗ ಯಾವ ಮರಿಯೂ ತಾನಾಗಿ ಬೆಳೆಯುತ್ತಿರಲಿಲ್ಲ. ಎತ್ತರವಾಗಬೇಕೆಂದರೆ ನೆಲದವ್ವನ ಬಳಿ ಹೋಗಬೇಕಿತ್ತು. ಮಣ್ಣಿನ ಗೋಡೆ ಎಬ್ಬಿಸಿದ ಹಾಗೆ ಅವಳು ಕಾಲುಗಳನ್ನು ಎಬ್ಬಿಸುತ್ತಿದ್ದಳು. ನಾಲ್ಕು ಗೋಡೆಯೂ ಒಟ್ಟಿಗೇ ಏಳಬೇಕು, ಒಟ್ಟಿಗೇ ಆರಬೇಕು ಎಂಬುದು ಅವಳ ಕಟ್ಟುನಿಟ್ಟು. ಹಾಗಾಗಿ ನಾಲ್ಕೂ ಕಾಲು ಆರುವ ತನಕ, ಒಂದು ತಿಂಗಳು, ಮರಿ ಅಲುಗಾಡದೆ ಮಲಗಿರಬೇಕು. ಆನೆಮರಿ ಮಲಗಿತ್ತು. ಕುದುರೆಮರಿ ಮಲಗಿತ್ತು. ಬೆಕ್ಕಿನ ಮರಿಯಂತೂ ಹೇಳುವ ಮೊದಲೇ ಮಲಗಿತ್ತು.

ಹಳ್ಳದ ದಂಡೆಯಲ್ಲಿ ಮುಷ್ಟಿಯಷ್ಟು ಎತ್ತರದ ನಾಯಿಮರಿಯೊಂದಿತ್ತು. ಎಲ್ಲರೂ ಅವಳನ್ನು ಗಿಡ್ಡಿ ಎನ್ನುತ್ತಿದ್ದರು. ಅವಳ ತಾಯಿಯ ಪಾದ ಉರುಳಿದ ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ತಾಯಿಯ ಮಗ್ಗುಲಲ್ಲಿ ಕಣ್ಣು ಬಿಡದ ಇಬ್ಬರು ತಂಗಿಯರು. ಮೂವರ ಹೊಟ್ಟೆಯೂ ಗಿಡ್ಡಿ ತರುವ ಮೀನು, ಓತಿಕೇತಗಳ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ಗಾಳಿ ಸುದ್ದಿ ತಂದಿತು. ಎಂಟು ದಿನಕ್ಕೆ ಮಳೆ ಬರುತ್ತದೆ, ಈ ದಂಡೆ ಮುಳುಗುತ್ತದೆ, ಆಚೆ ದಂಡೆಗೆ ಹೋದವರು ಉಳಿಯುತ್ತಾರೆ ಎಂದಿತು. ಹಳ್ಳದ ನೀರು ಗಿಡ್ಡಿಯ ತಲೆಗಿಂತ ಆಳವಿತ್ತು.

ಅವಳು ನೆಲದವ್ವನ ಬಳಿ ಓಡಿದಳು. ಒಂದು ತಿಂಗಳು ಮಲಗು ಎಂದಳು ನೆಲದವ್ವ. ಎಂಟೇ ದಿನ ಇರುವುದು, ತಾನು ಮಲಗಿದರೆ ತಾಯಿಗೆ ಉಣಿಸುವವರು ಯಾರು ಎಂದಳು ಗಿಡ್ಡಿ.

"ಒಂದೊಂದೇ ಕಾಲು ಎಬ್ಬಿಸು. ಅದು ಆರುವ ತನಕ ಉಳಿದ ಮೂರರಲ್ಲಿ ಓಡಾಡುತ್ತೇನೆ."

"ಒಂದೇ ಗೋಡೆ ಎಬ್ಬಿಸಿದ ಮನೆ ಎಲ್ಲಾದರೂ ಕಂಡಿದ್ದೀಯೇನೇ? ವಾಲುತ್ತದೆ."

"ಮನೆ ನಿಂತಲ್ಲೇ ನಿಲ್ಲುವುದು ನೆಲದವ್ವ. ನಾನು ಓಡುವವಳು. ವಾಲಿದರೆ ಕುಂಟುತ್ತೇನೆ."

ಹಸಿ ಕಾಲಿನ ಮೇಲೆ ಭಾರ ಬಿದ್ದರೆ ನೋಯುತ್ತದೆ ಎಂದು ನೆಲದವ್ವ ಹೆದರಿಸಿದಳು. ನೋಯಲಿ ಎಂದಳು ಗಿಡ್ಡಿ. ನೆಲದವ್ವ ಬೆನ್ನು ತಿರುಗಿಸಿ ಕೂತಳು.

ಗಿಡ್ಡಿ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಅಲ್ಲೇ ಗುಂಡಿ ತೋಡಿ, ಮಣ್ಣು ತುಳಿದು, ತನ್ನ ಕಾಲಿಗೆ ತಾನೇ ಮೆತ್ತಿಕೊಳ್ಳತೊಡಗಿದಳು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ನೆಲದವ್ವ ಓರೆಗಣ್ಣಿನಲ್ಲಿ ನೋಡಿದಳು, ಮತ್ತೆ ನೋಡಿದಳು. ಸೊಟ್ಟ ಕೆಲಸ ಕಂಡರೆ ಅವಳಿಗೆ ಆಗದು. ಕೊನೆಗೆ ತಡೆಯಲಾರದೆ ಎದ್ದು ಬಂದು, "ಕೊಡು ಇಲ್ಲಿ" ಎಂದು ಕಾಲು ಎಳೆದುಕೊಂಡಳು.

ಮೊದಲ ಎರಡು ದಿನ ಮುಂದಿನ ಬಲಗಾಲು ನೋಯಿತು. ಅದನ್ನು ಎತ್ತಿಕೊಂಡು ಗಿಡ್ಡಿ ಮೀನು ತಂದಳು. ಆಮೇಲೆ ಹಿಂದಿನ ಎಡಗಾಲು ನೋಯಿತು. ಆಗಲೂ ಮೀನು ತಂದಳು. ಆಮೇಲೆ ಮುಂದಿನ ಎಡಗಾಲು.

ಮಲಗಿದ್ದ ಬೆಕ್ಕಿನ ಮರಿ ಒಂದು ಕಣ್ಣು ತೆರೆಯಿತು. "ಏ ಗಿಡ್ಡಿ, ಯಾವ ಕಾಲು ಕುಂಟು ಅಂತ ಒಂದು ತೀರ್ಮಾನಕ್ಕೆ ಬಾರೇ."

"ನೀನು ನಿದ್ದೆ ಮುಗಿಸು," ಎಂದು ಗಿಡ್ಡಿ ಹಾರಿಕೊಂಡು ಹೋದಳು.

ಎಂಟನೆಯ ದಿನ ಮೋಡ ಕಪ್ಪಾಯಿತು. ಕೊನೆಯ ಕಾಲು ಇನ್ನೂ ಹಸಿಯಾಗಿತ್ತು. ಒಂದು ದಿನ ತಡಿ ಎಂದಳು ನೆಲದವ್ವ.

ಹಳ್ಳವೂ ಗದರಿತು. "ಮೂರೂವರೆ ಕಾಲಿನವಳೇ, ಹಿಂದೆ ಸರಿ."

"ನೀನೇ ಹಿಂದೆ ಸರಿ," ಎಂದು ಗಿಡ್ಡಿ ನೀರಿಗಿಳಿದಳು.

ನೀರು ಕುತ್ತಿಗೆಗೆ ಬಂತು, ಮೂಗಿಗೆ ಬರಲಿಲ್ಲ. ಒಬ್ಬ ತಂಗಿಯನ್ನು ಕಚ್ಚಿಕೊಂಡು ದಾಟಿಸಿದಳು. ಮತ್ತೊಬ್ಬಳನ್ನು ದಾಟಿಸಿದಳು. ಮೂರನೆಯ ಸಲ ತಾಯಿ ಅವಳ ಬೆನ್ನಿಗೆ ಕೊರಳು ಆನಿಸಿ ಹೆಜ್ಜೆ ಇಟ್ಟಳು. ನಡುನೀರಿನಲ್ಲಿ ಹಸಿ ಕಾಲು ಬಾಗಿತು. ಗಿಡ್ಡಿ ಹಲ್ಲು ಕಚ್ಚಿ ಅದನ್ನು ಎತ್ತಿಕೊಂಡಳು, ಮೂರು ಕಾಲಲ್ಲೇ ತಾಯಿಯನ್ನು ದಂಡೆ ಹತ್ತಿಸಿದಳು. ಅವರ ಹಿಂದೆಯೇ ಮಳೆ ಸುರಿಯಿತು, ಆ ದಂಡೆ ಮುಳುಗಿತು.

ನೀರು ತಾಗಿದ್ದೇ ಬೆಕ್ಕಿನ ಮರಿ ಹಸಿ ಕಾಲಲ್ಲೇ ಎದ್ದು, ಮರದಿಂದ ಮರಕ್ಕೆ ಹಾರಿ ಬಂತು. ಅದಕ್ಕೇ ಬೆಕ್ಕಿನ ಮರಿಗೂ ಒಮ್ಮೊಮ್ಮೆ ಕಾಲು ನೋಯುತ್ತದೆ. ಆದರೆ ಅದು ಕೂಡಲೇ ಮಲಗಿಬಿಡುತ್ತದೆ.

ನೆಲದವ್ವ ಬಂದು ಬಾಗಿದ ಕಾಲನ್ನು ನೀವಿ ನೇರ ಮಾಡಿದಳು. ತಂಗಿಯರಿಗಾದರೂ ಮಲಗಲು ಹೇಳು ಎಂದಳು.

"ಅವರೂ ಮಲಗುವವರಲ್ಲ," ಎಂದಳು ಗಿಡ್ಡಿ.

ನೆಲದವ್ವ ಕಣ್ಣು ಬಿಡದ ಆ ಇಬ್ಬರನ್ನೂ ನೋಡಿದಳು. ನಿನ್ನ ಕುಲಕ್ಕೆಲ್ಲ ಇನ್ನು ಒಂದೊಂದೇ ಕಾಲು ಎಬ್ಬಿಸುತ್ತೇನೆ, ನೋವೂ ಒಂದೊಂದೇ ಕಾಲಿಗೆ ಎಂದು ಎದ್ದಳು.

ಅದಕ್ಕೇ ಇವತ್ತಿಗೂ ನಿಮ್ಮ ಅಂಗಳದ ಎಳೆಯ ನಾಯಿಮರಿ ಸೋಮವಾರ ಮುಂಗಾಲು ಕುಂಟಿದರೆ ಗುರುವಾರ ಹಿಂಗಾಲು ಕುಂಟುತ್ತದೆ; ಪಾಪ ಎಂದು ಹಿಡಿದು ಮಲಗಿಸಹೋದರೆ ಕೈಯಿಂದ ನುಣುಚಿಕೊಂಡು, ಮೂರು ಕಾಲಲ್ಲೇ ಬಾಗಿಲ ತನಕ ಓಡಿ, ಬೀದಿಯಲ್ಲಿ ಹೋಗುವ ಎಮ್ಮೆಗೆ ಬೊಗಳುತ್ತದೆ.